ಕತ್ತಿನ ಆಪರೇಷನ್ ಆಗಿ ವರ್ಷಗಳಾದ ಮೇಲೆ ಮತ್ತೆ ತೊಂದರೆ ಶುರುವಾದರೆ ಏನು ಮಾಡಬೇಕು?

"ಆಪರೇಷನ್ ಆಗಿ ಮೂರು ವರ್ಷ ಆರಾಮಾಗಿದ್ದೆ. ಎರಡು ತಿಂಗಳಿಂದ ಮತ್ತೆ ಕೈ ಜೋಮು ಹಿಡಿಯುತ್ತಿದೆ. ಸ್ಕ್ರೂ ಏನಾದರೂ ಸಡಿಲ ಆಗಿರಬಹುದಾ?"

ಈ ಪ್ರಶ್ನೆಯನ್ನು ಓದುಗರು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಒಬ್ಬರಿಗೆ ಮೂರು ವರ್ಷ, ಇನ್ನೊಬ್ಬರಿಗೆ ಹತ್ತು. ಒಬ್ಬರಿಗೆ ಜೋಮು, ಇನ್ನೊಬ್ಬರಿಗೆ ನೋವು. ಆದರೆ ಸ್ಕ್ರೂ ಮಾತ್ರ ಎಲ್ಲರ ಪ್ರಶ್ನೆಯಲ್ಲೂ ಇದ್ದೇ ಇರುತ್ತದೆ. ಒಳಗೆ ಲೋಹ ಕೂತಿದೆ ಅಂತ ಗೊತ್ತಾದ ಮೇಲೆ ಮನಸ್ಸು ಮೊದಲು ಅದನ್ನೇ ಹಿಡಿದುಕೊಳ್ಳುತ್ತದೆ, ಅದು ಸಹಜ. ನಿಜ ಹೇಳಬೇಕೆಂದರೆ ತಡವಾಗಿ ಬರುವ ತೊಂದರೆಗಳಿಗೆ ಬರೀ ಸ್ಕ್ರೂ ಕಾರಣವಾಗಿರುವುದು ಕಡಿಮೆ. ಪಕ್ಕದ ಡಿಸ್ಕ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಸವೆದಿರಬಹುದು, ಆಪರೇಷನ್ನಿನಲ್ಲಿ ಜೋಡಿಸಿದ ಮೂಳೆ ಕೂಡಿಕೊಳ್ಳದೇ ಉಳಿದಿರಬಹುದು. ಎಷ್ಟೋ ಸಲ ಆ ತೊಂದರೆಗೂ ಕತ್ತಿಗೂ ಸಂಬಂಧವೇ ಇರುವುದಿಲ್ಲ.

ನಾನು ಡಾಕ್ಟರ್ ಅಲ್ಲ. ನನ್ನ ಕತ್ತಿನಲ್ಲೂ ಒಂದು ಪ್ಲೇಟು, ನಾಲ್ಕು ಸ್ಕ್ರೂ ಇವೆ, ಹಾಗಾಗಿ ಈ ವಿಷಯ ಓದುತ್ತಾ ಕೇಳುತ್ತಾ ಬಂದಿದ್ದೇನೆ. ಕೆಳಗಿನ ಹೆಜ್ಜೆಗಳು ನೀವೇ ರೋಗ ಕಂಡುಹಿಡಿಯಲಿ ಅಂತ ಬರೆದದ್ದಲ್ಲ. ಡಾಕ್ಟರ್ ಮುಂದೆ ಕೂತಾಗ ಸಿಗುವ ಹತ್ತು ನಿಮಿಷದಲ್ಲಿ ಸರಿಯಾದ ಮಾತು ಬಾಯಿಗೆ ಬರಲಿ ಅಂತ.

ಇವು ಇದ್ದರೆ ಓದುವುದು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಇದಕ್ಕೆ ನಂಬರ್ ಕೊಟ್ಟಿಲ್ಲ. ಇವುಗಳಲ್ಲಿ ಒಂದಿದ್ದರೂ ಉಳಿದ ಹೆಜ್ಜೆಗಳು ಆಮೇಲೆ.

- ಕೈ ಅಥವಾ ಕಾಲಿನ ಬಲ ಕೆಲವೇ ಗಂಟೆಗಳಲ್ಲಿ, ಇಲ್ಲವೇ ಕೆಲವೇ ದಿನಗಳಲ್ಲಿ ಇಳಿಯುತ್ತಿದೆ.
- ಮೂತ್ರ ಕಟ್ಟಿಕೊಂಡಿದೆ, ಅಥವಾ ತಿಳಿಯದೇ ಹೋಗುತ್ತಿದೆ. ಮಲದ ಹಿಡಿತ ತಪ್ಪಿದೆ.
- ಬಿದ್ದ ಮೇಲೆ ಅಥವಾ ವಾಹನ ಗುದ್ದಿದ ಮೇಲೆ ಕತ್ತು ನೋವು, ಜೋಮು, ಕೈಕಾಲು ಸೋತ ಹಾಗೆ ಶುರುವಾಗಿದೆ. ಬಿದ್ದದ್ದು ಚಿಕ್ಕದೇ ಇರಲಿ, ಎದ್ದು ನಡೆದೇ ಬಂದಿರಲಿ, ತೋರಿಸಲೇಬೇಕು.
- ಜ್ವರದ ಜೊತೆ ನುಂಗಲು ನೋವು, ಕತ್ತಿನಲ್ಲಿ ಊತ, ಚರ್ಮ ಒತ್ತಿದರೆ ಒಳಗೆ ಗಾಳಿ ಚರಚರ ಅಂದ ಹಾಗೆ, ಉಸಿರಾಡಲು ಕಷ್ಟ.
- ಹಳೆಯ ಗಾಯದ ಜಾಗದಿಂದ ಕೀವು ಅಥವಾ ನೀರು ಬರುತ್ತಿದೆ.

ಇನ್ನೊಂದು ಮಾತು. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಬಂದರೆ ಅದನ್ನು "ನಂದು ಹಳೇ ಕತ್ತಿನ ನೋವು" ಅಂತ ತಳ್ಳಿಹಾಕಬೇಡಿ. ಅದು ಹೃದಯ ಇರಬಹುದು. ಕತ್ತಿನ ಆಪರೇಷನ್ ಆದವರು ಮಾಡಿಕೊಳ್ಳುವ ಅತಿ ಅಪಾಯದ ತಪ್ಪು ಇದೇ ಅಂತ ನನ್ನ ಲೆಕ್ಕ.

ಹೆಜ್ಜೆ 1: ನಿಮಗೆ ಆದ ಆಪರೇಷನ್ ಯಾವುದು ಅಂತ ತಿಳಿದುಕೊಳ್ಳಿ

"ಕತ್ತಿನ ಆಪರೇಷನ್" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಕತ್ತಿನಲ್ಲಿ 7 ಮೂಳೆಗಳಿವೆ, ಮೇಲಿನಿಂದ ಕೆಳಕ್ಕೆ ಸಿ1ರಿಂದ ಸಿ7. ಅವುಗಳ ನಡುವಿಂದ ಒಂದೊಂದು ಬದಿಗೆ 8 ನರಗಳು ಹೊರಗೆ ಬರುತ್ತವೆ. ಎಲ್ಲಿ, ಯಾವ ಕಡೆಯಿಂದ, ಏನು ಮಾಡಿದ್ದಾರೆ ಅನ್ನುವುದರ ಮೇಲೆ ಮುಂದೆ ಯಾವ ತೊಂದರೆ ಬರಬಹುದು ಅನ್ನುವುದು ನಿಂತಿದೆ.

ಜಾಸ್ತಿ ಮಾಡುವುದು ಎಸಿಡಿಎಫ್. ಕತ್ತಿನ ಮುಂದಿನಿಂದ ಹೋಗಿ, ಹಾಳಾದ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ತುಂಡೋ ಕೇಜ್ ಅನ್ನುವ ಚಿಕ್ಕ ಪೆಟ್ಟಿಗೆಯೋ ಕೂರಿಸಿ, ಮೇಲಿನ ಕೆಳಗಿನ ಮೂಳೆ ಒಂದಾಗಿ ಬೆಳೆಯಲು ಬಿಡುತ್ತಾರೆ. ಈ ಒಂದಾಗುವುದಕ್ಕೇ ಫ್ಯೂಷನ್ ಅನ್ನುವುದು. ಪ್ಲೇಟು ಸ್ಕ್ರೂಗಳು ಅಲ್ಲಿಯವರೆಗೆ ಹಿಡಿದುಕೊಂಡಿರುವ ಊರುಗೋಲು ಅಷ್ಟೇ. ಡಿಸ್ಕ್ ಬದಲಿಸುವ ಆಪರೇಷನ್ ಬೇರೆ, ಅದರಲ್ಲಿ ಅಲ್ಲಾಡುವ ಕೃತಕ ಡಿಸ್ಕ್ ಹಾಕುತ್ತಾರೆ. ಹಿಂದಿನಿಂದ ಮಾಡುವುದರಲ್ಲಿ ಬೆನ್ನುಹುರಿಯ ಹಿಂದಿನ ಮೂಳೆಯ ಚಾವಣಿ ತೆಗೆದರೆ ಲ್ಯಾಮಿನೆಕ್ಟಮಿ, ಬಾಗಿಲು ತೆರೆದ ಹಾಗೆ ಒಂದು ಬದಿ ಎತ್ತಿ ನಿಲ್ಲಿಸಿದರೆ ಲ್ಯಾಮಿನೋಪ್ಲಾಸ್ಟಿ.

ಹುಡುಕಿ ಇಟ್ಟುಕೊಳ್ಳಬೇಕಾದ ಕಾಗದಗಳು: ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಒಳಗೆ ಹಾಕಿದ ವಸ್ತುವಿನ ಸ್ಟಿಕ್ಕರ್ ಅಥವಾ ಕಾರ್ಡ್, ಆಪರೇಷನ್‌ಗೆ ಮುಂಚಿನ ಎಂಆರ್‌ಐ, ಆಪರೇಷನ್ ಆದ ಮೇಲಿನ ಎಲ್ಲ ಎಕ್ಸ್-ರೇಗಳು. ಬರೀ ರಿಪೋರ್ಟ್ ಸಾಲದು, ಚಿತ್ರಗಳೇ ಬೇಕು. ಸಿಕ್ಕಿಲ್ಲ ಅಂದರೆ ಆಪರೇಷನ್ ಮಾಡಿದ ಕಡೆ ದಾಖಲೆ ವಿಭಾಗಕ್ಕೆ ಬರೆದು ಕೇಳಿ. ವರ್ಷ ಕಳೆದಷ್ಟೂ ಸಿಗುವುದು ಕಷ್ಟವಾಗುತ್ತದೆ, ಆದ್ದರಿಂದ ಏನೂ ತೊಂದರೆ ಇಲ್ಲದವರೂ ಈಗಲೇ ತರಿಸಿಕೊಳ್ಳಿ.

ಹೆಜ್ಜೆ 2: ಉಳಿದದ್ದಾ, ಮರಳಿ ಬಂದದ್ದಾ, ಹೊಸದಾ?

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ.

ಮೊದಲನೆಯದು, ಆಪರೇಷನ್‌ಗೆ ಮುಂಚೆಯೇ ಇದ್ದು ಆಮೇಲೂ ಹೋಗದ್ದು. ಬೆನ್ನುಹುರಿ ಅಥವಾ ನರ ತುಂಬಾ ಕಾಲ ಒತ್ತಡದಲ್ಲಿದ್ದರೆ, ಒತ್ತಡ ತೆಗೆದ ಮೇಲೂ ಜೋಮು ಉಳಿಯಬಹುದು. ಇದು ಆಪರೇಷನ್ ಕೆಟ್ಟದ್ದರ ಗುರುತು ಅಂತ ಹೇಳಲಾಗುವುದಿಲ್ಲ. ಬೆನ್ನುಹುರಿ ಒತ್ತಿದ್ದರೆ ಆಪರೇಷನ್ ಮಾಡುವುದೇ ಮುಖ್ಯವಾಗಿ ಮುಂದೆ ಕೆಡದೇ ಇರಲಿ ಅಂತ, ಎಷ್ಟೋ ಜನರಿಗೆ ಇದನ್ನು ಆಗ ಬಿಡಿಸಿ ಹೇಳಿರುವುದಿಲ್ಲ. ಆದರೆ ಆಪರೇಷನ್ ಆದ ಮೇಲೆ ಒಂದು ದಿನವೂ ಕಡಿಮೆಯೇ ಆಗಲಿಲ್ಲ ಅಂದರೆ, ಆಗ ಒತ್ತಡ ಪೂರ್ತಿ ಹೋಗಿದೆಯಾ, ಕಾರಣ ಅದೇ ಆಗಿತ್ತಾ ಅಂತ ಕೇಳುವ ಹಕ್ಕು ನಿಮಗಿದೆ.

ಎರಡನೆಯದು, ಹೋಗಿ ಮರಳಿ ಬಂದದ್ದು. ಅದೇ ಜಾಗ, ಅದೇ ಬೆರಳು. ನಡುವೆ ಎಷ್ಟು ತಿಂಗಳು ಚೆನ್ನಾಗಿದ್ದಿರಿ ಅನ್ನುವುದನ್ನು ಬರೆಯಿರಿ. ಆರೆಂಟು ತಿಂಗಳು ಸುಮಾರಾಗಿದ್ದು ಮತ್ತೆ ಕತ್ತು ನೋವು ಏರಿದರೆ ಮೂಳೆ ಕೂಡಿದೆಯಾ ಅನ್ನುವ ಪ್ರಶ್ನೆ ಏಳುತ್ತದೆ.

ಮೂರನೆಯದು, ಹೊಸದು. ಮೊದಲು ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ಈಗ ನಡುಬೆರಳು. ಇಲ್ಲಿ ಬೆರಳು ತುಂಬಾ ಮುಖ್ಯ. ಸಿ5-ಸಿ6 ನಡುವಿನ ಡಿಸ್ಕ್ ಸಾಮಾನ್ಯವಾಗಿ ಸಿ6 ನರವನ್ನು ಒತ್ತುತ್ತದೆ, ಜೋಮು ಹೆಬ್ಬೆರಳಿನ ಕಡೆಗೆ. ಸಿ6-ಸಿ7 ಆದರೆ ಸಿ7 ನರ, ನಡುಬೆರಳು, ಮೊಣಕೈ ನೀಟಾಗಿ ಚಾಚುವ ಬಲ. ಅದರ ಕೆಳಗಿನ ನರ ಸಿ8 ಆದರೆ ಕಿರುಬೆರಳು ಮತ್ತು ಹಿಡಿತ. ಮೇಲಿನ ಸಿ5 ಆದರೆ ಬೆರಳಿಗೆ ಬರುವುದೇ ಇಲ್ಲ, ಭುಜ ಎತ್ತಲು ಕಷ್ಟವಾಗುತ್ತದೆ. ಸಿ5-ಸಿ6 ಫ್ಯೂಷನ್ ಆದವರಿಗೆ ಹೊಸದಾಗಿ ನಡುಬೆರಳಿನ ಜೋಮು ಬಂದರೆ ಕೆಳಗಿನ ಪಕ್ಕದ ಡಿಸ್ಕ್ ಮೇಲೆ ಕಣ್ಣು ಹೋಗುವುದು ಅದಕ್ಕೇ. ನರಗಳ ಸೀಮೆ ಗೆರೆ ಎಳೆದ ಹಾಗೆ ಇರುವುದಿಲ್ಲ, ಒಂದರ ಮೇಲೊಂದು ಹರಡಿರುತ್ತದೆ, ಹಾಗಾಗಿ ಇದು ಸುಳಿವು ಮಾತ್ರ.

ತಪ್ಪುವ ಜಾಗ: "ಕೈ ಪೂರ್ತಿ ಜೋಮು" ಅಂತ ಹೇಳಿಬಿಡುವುದು. ಮುಂದಿನ ಸಲ ಜೋಮು ಹಿಡಿದಾಗ ಪೆನ್ನಿಂದ ಚರ್ಮದ ಮೇಲೇ ಗೆರೆ ಹಾಕಿ ಒಂದು ಫೋಟೋ ತೆಗೆಯಿರಿ. ಸಾವಿರ ಮಾತು ಉಳಿಯುತ್ತದೆ.

ಹೆಜ್ಜೆ 3: ಮನೆಯಲ್ಲೇ ವಾರಕ್ಕೊಮ್ಮೆ ಅಳೆಯಿರಿ

ಬರೀ ನರ ಒತ್ತಿದರೆ ಸಾಮಾನ್ಯವಾಗಿ ನೋವು ಜೋರಾಗಿರುತ್ತದೆ, ಯಾರೂ ಮರೆಯುವುದಿಲ್ಲ. ಬೆನ್ನುಹುರಿಯೇ ಒತ್ತಿದಾಗ ಬರುವ ಮೈಲೋಪತಿ ಸದ್ದಿಲ್ಲದೇ ಬರುತ್ತದೆ, ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಅಂಗಿಯ ಮೇಲಿನ ಗುಂಡಿ ಹಾಕಲು ಎರಡು ಸಲ ತಡವರಿಸುವುದು, ಕಾಲಿಂದ ಚಪ್ಪಲಿ ಜಾರಿಹೋದದ್ದು ನಾಲ್ಕು ಹೆಜ್ಜೆ ಆದ ಮೇಲೆ ಗೊತ್ತಾಗುವುದು, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಮೈ ತೂಗಿ ಸಿಂಕ್ ಹಿಡಿದುಕೊಳ್ಳುವುದು. ಇವನ್ನೆಲ್ಲ ವಯಸ್ಸಿನ ಮೇಲೆ ಹಾಕಿ ಸುಮ್ನೆ ಇರುವವರೇ ಜಾಸ್ತಿ.

ಮೂರು ಪರೀಕ್ಷೆ ಸಾಕು.

ಒಂದು, ಮುಷ್ಟಿ ಲೆಕ್ಕ. ಅಂಗೈ ಕೆಳಗೆ ಮಾಡಿ, 10 ಸೆಕೆಂಡಿನಲ್ಲಿ ಪೂರ್ತಿ ಮುಷ್ಟಿ ಕಟ್ಟಿ ಪೂರ್ತಿ ಬಿಚ್ಚುವುದು ಎಷ್ಟು ಸಲ ಆಗುತ್ತದೆ ಎಣಿಸಿ. ಆರೋಗ್ಯವಂತರಿಗೆ 20 ಅಥವಾ ಜಾಸ್ತಿ ಆಗುತ್ತದೆ. ಕಿರುಬೆರಳು ಮತ್ತು ಉಂಗುರದ ಬೆರಳು ಬಿಚ್ಚುವಾಗ ಹಿಂದೆ ಉಳಿಯುತ್ತವಾ ಅಂತಲೂ ನೋಡಿ. ಬೆರಳ ಗಂಟುಗಳಲ್ಲಿ ಸಂಧಿವಾತ ಇದ್ದರೂ ಲೆಕ್ಕ ಕಡಿಮೆ ಬರುತ್ತದೆ, ಅದು ನೆನಪಿರಲಿ.

ಎರಡು, ಗೆರೆ ನಡಿಗೆ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವ ಹಾಗೆ 10 ಹೆಜ್ಜೆ. ಗೋಡೆ ಪಕ್ಕದಲ್ಲೇ ಇರಲಿ, ಜೊತೆಗೆ ಒಬ್ಬರು ನಿಂತಿರಲಿ. ಅವರೇ ಫೋನಲ್ಲಿ ವಿಡಿಯೋ ಮಾಡಲಿ.

ಮೂರು, ನಿಮ್ಮ ಸಹಿ. ವಾರಕ್ಕೊಂದು ಸಹಿ, ಜೊತೆಗೆ ಒಂದೇ ವಾಕ್ಯ, ಅದೇ ಪುಸ್ತಕದಲ್ಲಿ, ತಾರೀಕಿನೊಂದಿಗೆ. ಅಕ್ಷರ ಕೆಡುತ್ತಿದ್ದರೆ ಎರಡು ತಿಂಗಳ ಸಾಲು ನೋಡಿದ ಕೂಡಲೇ ಕಾಣುತ್ತದೆ.

ಕತ್ತು ಬಗ್ಗಿಸಿದಾಗ ಬೆನ್ನಿನ ಉದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುತ್ತಾ ಅನ್ನುವುದನ್ನೂ ಬರೆದಿಡಿ, ಆದರೆ ಅದನ್ನು ಪರೀಕ್ಷೆ ಮಾಡಲೆಂದು ಬೇಕಂತಲೇ ಮತ್ತೆ ಮತ್ತೆ ಬಗ್ಗಿಸಬೇಡಿ. ದಿನಾ ಅಳೆಯುವುದೂ ಬೇಡ. ದಿನಾ ಅಳೆದರೆ ಏರಿಳಿತ ನೋಡಿ ತಲೆ ಕೆಡುತ್ತದೆ, ದಿಕ್ಕು ಕಾಣುವುದಿಲ್ಲ.

ಹೆಜ್ಜೆ 4: ಏನೇನು ಆಗಿರಬಹುದು, ಅದು ಹೇಗೆ ಕಾಣಿಸುತ್ತದೆ

ಪಕ್ಕದ ಡಿಸ್ಕ್ ಸವೆತ. ತಡವಾಗಿ ಬರುವವುಗಳಲ್ಲಿ ಎಲ್ಲರೂ ಕೇಳಿರುವುದು ಇದು. ಎರಡು ಮೂಳೆ ಒಂದಾದ ಮೇಲೆ ಅಲ್ಲಾಟದ ಹೊರೆ ಮೇಲಿನ ಕೆಳಗಿನ ಡಿಸ್ಕ್‌ಗಳಿಗೆ ಹೋಗುತ್ತದೆ. ಮುಂದಿನಿಂದ ಫ್ಯೂಷನ್ ಆದ 374 ಜನರನ್ನು ಗಮನಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವನ್ನು ಇವತ್ತಿಗೂ ಎಲ್ಲರೂ ಹೇಳುತ್ತಾರೆ: ವರ್ಷಕ್ಕೆ ಸುಮಾರು ನೂರಕ್ಕೆ 2.9ರಷ್ಟು ಜನರಿಗೆ ಪಕ್ಕದಲ್ಲಿ ಹೊಸ ತೊಂದರೆ, 10 ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅಂತ ಅಂದಾಜು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಲವು ಹಂತ (ಒಂದು ಡಿಸ್ಕಿನ ಜಾಗ ಅಂದರೆ ಒಂದು ಹಂತ) ಫ್ಯೂಷನ್ ಆದವರಿಗೆ ಈ ತೊಂದರೆ ಒಂದೇ ಹಂತ ಆದವರಿಗಿಂತ ಕಡಿಮೆ ಬಂದಿತ್ತು. ಬರೀ ಹೊರೆಯೇ ಕಾರಣವಾಗಿದ್ದರೆ ಉಲ್ಟಾ ಆಗಬೇಕಿತ್ತು ಅಲ್ವಾ? ಅಂದರೆ ಆ ಡಿಸ್ಕ್‌ಗಳು ತಾವಾಗಿಯೇ ಸವೆಯುವ ಹಾದಿಯಲ್ಲಿದ್ದವು ಅನ್ನುವುದೂ ಕಾರಣದ ಒಂದು ಪಾಲು. ಆದ್ದರಿಂದ "ಆಪರೇಷನ್ ಮಾಡಿಸಿದ್ದಕ್ಕೇ ಹೀಗಾಯ್ತು" ಅಂತ ಕೊರಗುವ ಮುಂಚೆ ಸ್ವಲ್ಪ ನಿಲ್ಲಿ.

ಇಲ್ಲಿ ದೊಡ್ಡ ಹಳ್ಳ ಒಂದಿದೆ. ಎಂಆರ್‌ಐ ರಿಪೋರ್ಟಿನಲ್ಲಿ ಪಕ್ಕದ ಡಿಸ್ಕ್ ಉಬ್ಬಿದೆ ಅಂತ ಬರೆದಿದ್ದರೆ ಅದೇ ರೋಗ ಅಂತಲ್ಲ. ಆಪರೇಷನ್ನೇ ಆಗದ, ನೋವೇ ಇಲ್ಲದ ಜನರ ಸ್ಕ್ಯಾನಿನಲ್ಲೂ ಸವೆತ ಧಾರಾಳವಾಗಿ ಕಾಣುತ್ತದೆ. ಚಿತ್ರದಲ್ಲಿರುವ ಜಾಗ ಮತ್ತು ನಿಮ್ಮ ಬೆರಳು ಹೇಳುವ ಜಾಗ ಒಂದೇ ಆದಾಗ ಮಾತ್ರ ಅದಕ್ಕೆ ತೂಕ.

ಮೂಳೆ ಕೂಡದಿರುವುದು. ವೈದ್ಯರ ಭಾಷೆಯಲ್ಲಿ ಸ್ಯೂಡಾರ್ಥ್ರೋಸಿಸ್, ಸುಳ್ಳು ಕೀಲು ಅಂತ ಅರ್ಥ. ಸಾಮಾನ್ಯವಾಗಿ ಒಂದು ವರ್ಷ ಆದ ಮೇಲೆಯೇ ಹೀಗೆ ಹೇಳುತ್ತಾರೆ. ಸಿಗರೇಟು ಸೇದುವವರಿಗೆ, ಎರಡು ಮೂರು ಹಂತ ಮಾಡಿಸಿಕೊಂಡವರಿಗೆ ಅಪಾಯ ಜಾಸ್ತಿ. ಅಲ್ಲಾಡಿದಾಗ ಏರುವ ಕತ್ತು ನೋವು, ಭುಜದ ಹಲಗೆಗಳ ನಡುವೆ ನೋವು ಇದರ ಚಹರೆ. ಕೂಡದೇ ಇದ್ದರೂ ಏನೂ ತೊಂದರೆ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಚಿಕಿತ್ಸೆ ಬೇಕಿಲ್ಲದಿರಬಹುದು. ಒಂದು ವರ್ಷಕ್ಕೆ ಕೂಡದ್ದು ಎರಡನೇ ವರ್ಷದಲ್ಲಿ ಕೂಡುವುದೂ ಇದೆ.

ಸ್ಕ್ರೂ, ಪ್ಲೇಟು, ಕೇಜ್. ಬಂದೇಬಿಟ್ಟೆವು. ಸ್ಕ್ರೂ ಸಡಿಲವಾಗುವುದು ಅಥವಾ ಪ್ಲೇಟು ಮುರಿಯುವುದು ಹಲವು ಸಲ ಮೂಳೆ ಕೂಡದೇ ಇರುವುದರ ಪರಿಣಾಮ. ಕೂಡದ ಮೂಳೆ ಅಲ್ಲಾಡುತ್ತಲೇ ಇರುತ್ತದೆ, ಲೋಹ ದಣಿಯುತ್ತದೆ. ಕೇಜ್ ಮೂಳೆಯೊಳಗೆ ಸ್ವಲ್ಪ ಇಳಿಯುವುದಕ್ಕೆ ಸಬ್ಸಿಡೆನ್ಸ್ ಅನ್ನುತ್ತಾರೆ. ಇದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಆಗಿ ನಿಲ್ಲುತ್ತದೆ, ಮೂಳೆ ಗಟ್ಟಿಯಾಗಿ ಕೂಡಿದ್ದರೆ ಅದೊಂದರಿಂದಲೇ ಭಯಪಡಬೇಕಿಲ್ಲ. ಭಯಪಡಬೇಕಾದದ್ದು ಮುಂದಕ್ಕೆ ಜಾರಿ ಬಂದ ಸ್ಕ್ರೂಗೆ, ಯಾಕೆಂದರೆ ಅದರ ಮುಂದೆಯೇ ಅನ್ನನಾಳ ಇದೆ.

ನುಂಗುವುದು ಮತ್ತು ಧ್ವನಿ. ಮುಂದಿನಿಂದ ಆಪರೇಷನ್ ಆದವರಿಗೆ ಮೊದಲ ವಾರಗಳಲ್ಲಿ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುವುದು ಮಾಮೂಲು. ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಆದರೆ ಸರಿಹೋಗಿದ್ದ ನುಂಗುವಿಕೆ ವರ್ಷಗಳ ನಂತರ ಹೊಸದಾಗಿ ಕೆಟ್ಟರೆ ಅದು ಬೇರೆ ಮಾತು. ಉಣ್ಣುವಾಗ ಕೆಮ್ಮು, ಪದೇ ಪದೇ ಎದೆ ಸೋಂಕು, ನುಂಗಿದರೆ ನೋವು ಇದ್ದರೆ ಗ್ಯಾಸ್ ಮಾತ್ರೆ ತಿಂದು ದಿನ ತಳ್ಳಬೇಡಿ. ಲೋಹ ಉಜ್ಜಿ ಉಜ್ಜಿ ಅನ್ನನಾಳ ತೂತಾಗುವುದು ತೀರಾ ಅಪರೂಪ, ಆದರೆ ವರ್ಷಗಳ ಮೇಲೂ ಆಗಿದ್ದಿದೆ, ಜೀವಕ್ಕೇ ಅಪಾಯ.

ಕತ್ತಿನ ಬಾಗು ಕೆಡುವುದು. ಲ್ಯಾಮಿನೆಕ್ಟಮಿ ಮಾತ್ರ ಮಾಡಿ ಫ್ಯೂಷನ್ ಮಾಡದಿದ್ದಾಗ, ಮುಖ್ಯವಾಗಿ ಚಿಕ್ಕ ವಯಸ್ಸಿನವರಲ್ಲಿ, ಕತ್ತು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗಬಹುದು. ಸಂಜೆಯಾದರೆ ತಲೆ ಎತ್ತಿ ಹಿಡಿದು ಹಿಡಿದು ಸಾಕಾಗಿರುತ್ತದೆ, ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಾರೆ. ಮಲಗಿಸಿ ತೆಗೆಯುವ ಎಂಆರ್‌ಐನಲ್ಲಿ ಈ ಬಾಗು ಅರ್ಧ ಮಾಯವಾಗಿರುತ್ತದೆ. ನಿಂತು ತೆಗೆದ ಪಕ್ಕದ ಎಕ್ಸ್-ರೇ ಬೇಕು.

ತಡವಾದ ಸೋಂಕು. ಅಪರೂಪ. ಜ್ವರವೇ ಇಲ್ಲದೇ, ಬರೀ ಹಟ ಹಿಡಿದ ನೋವಾಗಿ ತಿಂಗಳುಗಟ್ಟಲೆ ಇರಬಹುದು. ಚರ್ಮದಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾ ಎಷ್ಟು ನಿಧಾನ ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಲು 14 ದಿನದವರೆಗೂ ಕಾಯುತ್ತಾರೆ. ಇಲ್ಲಿ ತಪ್ಪುವುದು ಎಲ್ಲಿ ಗೊತ್ತಾ? ಮಾದರಿ ತೆಗೆಯುವ ಮುಂಚೆಯೇ ಯಾರೋ ಕೊಟ್ಟ ಆ್ಯಂಟಿಬಯಾಟಿಕ್ ನುಂಗಿಬಿಡುವುದು. ಆಮೇಲೆ ಯಾವ ಕ್ರಿಮಿ ಅಂತ ಗೊತ್ತಾಗುವುದೇ ಇಲ್ಲ.

ಬೇಡದ ಮೂಳೆ. ಕೃತಕ ಡಿಸ್ಕ್ ಸುತ್ತ ಮೂಳೆ ಬೆಳೆದು ಅದು ಅಲ್ಲಾಡದಂತೆ ಆಗಬಹುದು, ಬಹಳ ಜನರಿಗೆ ಗೊತ್ತೂ ಆಗುವುದಿಲ್ಲ. ಒಪಿಎಲ್ಎಲ್ ಇದ್ದವರದ್ದು ಬೇರೆ. ಅದು ಬೆನ್ನುಹುರಿಯ ಮುಂದಿನ ಪಟ್ಟಿಯೇ ಮೂಳೆಯಾಗುವ ಕಾಯಿಲೆ, ಹಿಂದಿನಿಂದ ಜಾಗ ಮಾಡಿಕೊಟ್ಟ ಮೇಲೂ ಬೆಳೆಯುತ್ತಾ ಹೋಗಬಹುದು. ಅವರು ಚೆನ್ನಾಗಿದ್ದರೂ ತಪಾಸಣೆ ಬಿಡಬಾರದು.

ಹೆಜ್ಜೆ 5: ಕತ್ತಲ್ಲದ ಕಾರಣಗಳನ್ನು ಮರೆಯಬೇಡಿ

ಒಂದು ಸಲ ಕತ್ತಿನ ರೋಗಿ ಆದರೆ ಭುಜದಿಂದ ಬೆರಳ ತುದಿಯವರೆಗಿನ ಎಲ್ಲವೂ ಕತ್ತಿನ ಖಾತೆಗೇ ಹೋಗುತ್ತದೆ. ನನಗೂ ಹಾಗೇ ಆಯ್ತು. ಆಪರೇಷನ್ ಆಗಿ ನಾಲ್ಕನೇ ವರ್ಷ ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತಿತ್ತು, ಕೊಡವಿದರೆ ಬಿಡುತ್ತಿತ್ತು. ಎರಡು ತಿಂಗಳು ಸ್ಕ್ರೂ ಬಗ್ಗೆ ಚಿಂತೆ ಮಾಡಿದೆ. ಕೊನೆಗೆ ಅದು ಮಣಿಕಟ್ಟಿನಲ್ಲಿ ನರ ಒತ್ತಿದ್ದು, ಕಾರ್ಪಲ್ ಟನಲ್. ರಾತ್ರಿ ಪಟ್ಟಿ ಕಟ್ಟಿ ಮಲಗಿದ್ದಕ್ಕೇ ಬಹುಪಾಲು ಹೋಯಿತು.

ಕಿರುಬೆರಳು ಜೋಮು, ಮೊಣಕೈ ಮಡಚಿ ಫೋನ್ ಹಿಡಿದಾಗ ಜಾಸ್ತಿ ಅಂದರೆ ಮೊಣಕೈಯಲ್ಲಿ ನರ ಒತ್ತಿರಬಹುದು. ಕೈ ತಲೆಯ ಮೇಲೆ ಇಟ್ಟರೆ ಹಾಯ್ ಅನಿಸಿದರೆ ಕತ್ತಿನ ನರ, ಕೈ ಮೇಲೆತ್ತಿದರೇ ನೋವು ಏರಿದರೆ ಭುಜದ ಕೀಲು, ಇದು ಒಂದು ಒರಟು ಅಳತೆ. ಎರಡೂ ಪಾದ ಉರಿ ಮತ್ತು ಜೋಮು ಅಂದರೆ ಸಕ್ಕರೆ ಮತ್ತು ಬಿ12 ನೋಡಿಸಿ. ಬಿ12 ಕೊರತೆಯ ತೂರಾಟ ಮೈಲೋಪತಿಯ ತೂರಾಟದ ಹಾಗೇ ಇರುತ್ತದೆ. ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಮಾತ್ರೆಗಳೂ ತಲೆ ತಿರುಗಿಸಿ ನಡಿಗೆ ಕೆಡಿಸಬಲ್ಲವು, ಡೋಸ್ ಯಾವಾಗ ಏರಿಸಿದ್ದು ಅನ್ನುವುದನ್ನೂ ನಿಮ್ಮ ಹಾಳೆಯಲ್ಲಿ ಬರೆಯಿರಿ.

ಹೆಜ್ಜೆ 6: ಪರೀಕ್ಷೆಗಳು, ಒಂದೊಂದಾಗಿ

ಎಲ್ಲರೂ ಮೊದಲು ಎಂಆರ್‌ಐಗೆ ಓಡುತ್ತಾರೆ. ಒಂದೊಂದು ಯಂತ್ರ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ.

1. ನಿಂತು ತೆಗೆದ ಎಕ್ಸ್-ರೇ, ಜೊತೆಗೆ ಕತ್ತು ಮುಂದೆ ಬಗ್ಗಿಸಿ ಒಂದು, ಹಿಂದೆ ಬಗ್ಗಿಸಿ ಒಂದು. ಕೂಡಿರಬೇಕಾದ ಮೂಳೆಗಳ ಹಿಂದಿನ ತುದಿಗಳ ನಡುವಿನ ಅಂತರ ಎರಡರಲ್ಲೂ ಅಳೆಯುತ್ತಾರೆ. 1 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೂಡಿಲ್ಲ ಅನ್ನುವ ಅನುಮಾನ. ಹೊಸದಾಗಿ ಬಲ ಕಡಿಮೆಯಾಗಿದ್ದರೆ ಅಥವಾ ಬಿದ್ದಿದ್ದರೆ ಡಾಕ್ಟರ್ ಹೇಳದೇ ಕತ್ತು ಬಗ್ಗಿಸುವ ಚಿತ್ರ ತೆಗೆಸಬೇಡಿ.

2. ಮೂಳೆ ಕೂಡಿದೆಯಾ, ಸ್ಕ್ರೂ ಸುತ್ತ ಸಡಿಲದ ಕಪ್ಪು ಉಂಗುರ ಇದೆಯಾ ಅಂತ ನೋಡಲು ಸಿಟಿ ಸ್ಕ್ಯಾನ್. ಇದಕ್ಕೆ ಎಂಆರ್‌ಐ ಸಾಲದು.

3. ನರ, ಬೆನ್ನುಹುರಿ, ಡಿಸ್ಕ್ ನೋಡಲು ಎಂಆರ್‌ಐ. ಈಗಿನ ಟೈಟಾನಿಯಂ ಪ್ಲೇಟುಗಳಿದ್ದರೂ ಸಾಮಾನ್ಯವಾಗಿ ಮಾಡಿಸಬಹುದು, ಆದರೆ ಕಾರ್ಡ್ ತೋರಿಸಿಯೇ ಒಳಗೆ ಹೋಗಿ. ಲೋಹದ ಹತ್ತಿರ ಚಿತ್ರ ಮಸುಕಾಗುತ್ತದೆ. ತೀರಾ ಮಸುಕಾದರೆ ಬೆನ್ನಿನ ನೀರಿಗೆ ಬಣ್ಣದ ಔಷಧ ಬಿಟ್ಟು ಸಿಟಿ ತೆಗೆಯುವ ದಾರಿ ಇದೆ.

4. ನರದ ವೇಗ ಮತ್ತು ಸ್ನಾಯುವಿನ ಪರೀಕ್ಷೆ, ಎನ್‌ಸಿಎಸ್-ಇಎಂಜಿ. ತೊಂದರೆ ಕತ್ತಿನಲ್ಲಾ ಮಣಿಕಟ್ಟಿನಲ್ಲಾ ಅನ್ನುವ ಜಗಳ ಬಿಡಿಸಲು ಒಳ್ಳೆಯದು.

5. ಸೋಂಕಿನ ಅನುಮಾನಕ್ಕೆ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ. ನುಂಗುವ ತೊಂದರೆಗೆ ಬೇರಿಯಂ ಕುಡಿಸಿ ಎಕ್ಸ್-ರೇ, ಎಂಡೋಸ್ಕೋಪಿ.

ರಿಪೋರ್ಟ್ ಓದಿ ಹೆದರುವವರಿಗೆ ಒಂದು ಮಾತು. ಬೆನ್ನುಹುರಿಯಲ್ಲಿ ಬಿಳಿ ಮಚ್ಚೆ ಇದೆ, ಮೈಲೋಮಲೇಸಿಯಾ ಅಂತ ಬರೆದಿರಬಹುದು. ಅದು ಹಳೆಯ ಒತ್ತಡದ ಕಲೆ ಇರಬಹುದು, ಒತ್ತಡ ಹೋದ ಮೇಲೂ ಹಾಗೇ ಉಳಿಯುತ್ತದೆ. ಹಳೆಯ ಚಿತ್ರದ ಪಕ್ಕ ಇಟ್ಟು, ಬೆಳೆದಿದೆಯಾ ಅಂತ ಕೇಳಿ. ಹೆಜ್ಜೆ 1ರಲ್ಲಿ ಚಿತ್ರಗಳೇ ಬೇಕು ಅಂದದ್ದು ಇದಕ್ಕೇ.

ಹೆಜ್ಜೆ 7: ಡಾಕ್ಟರ್ ಹತ್ತಿರ ಹೋದಾಗ

ಮೊದಲ ವಾಕ್ಯವನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಹೋಗಿ. "ಇಂಥ ವರ್ಷ ಸಿ5-ಸಿ6 ಎಸಿಡಿಎಫ್ ಆಗಿದೆ, ಮೂರು ವರ್ಷ ಚೆನ್ನಾಗಿದ್ದೆ, ಎರಡು ತಿಂಗಳಿಂದ ಬಲಗೈ ನಡುಬೆರಳು ಜೋಮು, ಮೊಣಕೈ ಚಾಚುವ ಬಲ ಕಡಿಮೆ, ನಡಿಗೆ ಸರಿ ಇದೆ." ಇಷ್ಟು ಕೇಳಿದ ಡಾಕ್ಟರ್ ಅರ್ಧ ದಾರಿ ಬಂದಿರುತ್ತಾರೆ. "ಸಾರ್, ಆಪರೇಷನ್ ಆದ್ರೂ ಏನೂ ಪ್ರಯೋಜನ ಆಗ್ಲಿಲ್ಲ" ಅಂತ ಶುರು ಮಾಡಿದರೆ ಮೊದಲ ಐದು ನಿಮಿಷ ಸಮಾಧಾನ ಹೇಳುವುದರಲ್ಲೇ ಹೋಗುತ್ತದೆ.

ಆಮೇಲೆ ಕೇಳಿ: ಮೂಳೆ ಕೂಡಿದೆಯಾ? ನನ್ನ ಲಕ್ಷಣ ಮತ್ತು ಚಿತ್ರ ಹೊಂದುತ್ತಾ? ಬೆನ್ನುಹುರಿ ಒತ್ತುತ್ತಿದೆಯಾ ಇಲ್ಲ ಬರೀ ನರವಾ? ಕಾದರೆ ಏನಾಗಬಹುದು? ಬರೀ ನರ ಆದರೆ ಬಹಳಷ್ಟು ಸಲ ಮಾತ್ರೆ, ವ್ಯಾಯಾಮ, ಸಮಯದಲ್ಲೇ ಇಳಿಯುತ್ತದೆ. ಬೆನ್ನುಹುರಿ ಆದರೆ ಕಾಯುವ ಲೆಕ್ಕಾಚಾರವೇ ಬೇರೆ.

ಹೆಜ್ಜೆ 8: ಅಲ್ಲಿಯವರೆಗೆ

ಕತ್ತಿನ ನಟಿಕೆ ಮುರಿಸಬೇಡಿ, ಯಾರೇ ಎಷ್ಟೇ ಪರಿಣತರು ಅಂದರೂ. ಮಸಾಜ್ ಅಂತ ಕೂತಾಗ ಕೊನೆಯಲ್ಲಿ ತಲೆ ಹಿಡಿದು ತಟಕ್ ಅಂತ ತಿರುಗಿಸುವವರಿಗೆ ಮೊದಲೇ ಹೇಳಿಬಿಡಿ. ಹಳೆಯ ಕಾಲರ್ ಹುಡುಕಿ ತೆಗೆದು ವಾರಗಟ್ಟಲೆ ಹಾಕಿಕೊಳ್ಳುವುದೂ ಬೇಡ, ಸ್ನಾಯು ಸೊರಗುತ್ತದೆ. ಪ್ರೀಗ್ಯಾಬಲಿನ್ ತರಹದ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬೇಡಿ, ಇಳಿಸುತ್ತಾ ಬಿಡಬೇಕು. ಸಿಗರೇಟು ಬಿಡಿ. ನಡೆಯಿರಿ.

ಹೆಜ್ಜೆ 9: ಇನ್ನೊಂದು ಆಪರೇಷನ್ ಅಂದರೆ

ತುರ್ತು ಇಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಅದೂ ಒಂದು ಸುಳಿವು. ಕೈಗೆ ಹರಿಯುವ ನೋವಿಗೆ, ಬೆನ್ನುಹುರಿ ಒತ್ತಡಕ್ಕೆ ಮಾಡುವ ಎರಡನೇ ಆಪರೇಷನ್ನಿಂದ ಏನು ನಿರೀಕ್ಷಿಸಬಹುದು ಅನ್ನುವುದು ಸ್ವಲ್ಪ ಸ್ಪಷ್ಟ. ಬರೀ ಕತ್ತು ನೋವಿಗೆ ಮಾಡಿದರೆ ಫಲ ಅಷ್ಟು ನೆಚ್ಚಿಕೊಳ್ಳುವಂತಿಲ್ಲ, ಅದಕ್ಕೆ ಎರಡು ಸಲ ಯೋಚಿಸಿ. ಮೂಳೆ ಸಾಂದ್ರತೆ, ಸಕ್ಕರೆ, ವಿಟಮಿನ್ ಡಿ ಮೊದಲೇ ನೋಡಿಸಿ. ಕೂಡದ ಮೂಳೆಗೆ ಎರಡನೇ ಸಲ ಹಿಂದಿನಿಂದ ಹೋಗುವುದು ಸಾಮಾನ್ಯ, ಅಲ್ಲಿ ಕೂಡುವ ಸಾಧ್ಯತೆ ಚೆನ್ನಾಗಿರುತ್ತದೆ.

ಮತ್ತೆ ಮುಂದಿನಿಂದಲೇ, ಅದೂ ಕತ್ತಿನ ಇನ್ನೊಂದು ಬದಿಯಿಂದ ಅಂದರೆ, ಧ್ವನಿ ತಂತುಗಳನ್ನು ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ನೋಡಿಸಿದ್ದಾರಾ ಅಂತ ಕೇಳಲೇಬೇಕು. ಮೊದಲ ಆಪರೇಷನ್ನಿನಲ್ಲಿ ಒಂದು ಬದಿಯ ತಂತು ನಿಂತುಹೋಗಿದ್ದರೂ ಧ್ವನಿ ಸರಿಯೇ ಕೇಳಬಹುದು. ಈಗ ಇನ್ನೊಂದೂ ನಿಂತರೆ ಉಸಿರಿಗೇ ಕುತ್ತು.

ಹೆಜ್ಜೆ 10: ಒಂದು ಚೀಟಿ

ಫೋನಿನಲ್ಲೂ ಪರ್ಸಿನಲ್ಲೂ ಒಂದೊಂದು ಇರಲಿ. ಆಪರೇಷನ್ ಹೆಸರು, ಹಂತ, ತಿಂಗಳು ವರ್ಷ, ಒಳಗಿರುವ ಲೋಹ, ತಲೆ ಎಷ್ಟು ಹಿಂದಕ್ಕೆ ಬಾಗುತ್ತದೆ, ಈಗಾಗಲೇ ಇರುವ ಜೋಮು ಮತ್ತು ಬಲಹೀನತೆ. ಕತ್ತಿಗೆ ಸಂಬಂಧವೇ ಇಲ್ಲದ ಆಪರೇಷನ್‌ಗೂ ಅರಿವಳಿಕೆ ಕೊಡುವ ಡಾಕ್ಟರ್ ಗಂಟಲಿಗೆ ಕೊಳವೆ ಹಾಕಲು ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಆಗ ನಿಮಗೆ ಎಚ್ಚರ ಇರುವುದಿಲ್ಲ, ಬಾಯಿಬಿಟ್ಟು ಹೇಳುವುದು ಆ ಚೀಟಿಯೇ. ಹಲ್ಲಿನ ಡಾಕ್ಟರ್ ಕುರ್ಚಿಯಲ್ಲಿ ಎಚ್ಚರ ಇರುತ್ತದೆ, ಆದರೆ ಬಾಯಿ ತೆರೆದಿರುತ್ತದೆ. ಅಲ್ಲಿ ಕೂರುವ ಮುಂಚೆಯೇ ತೋರಿಸಿ.